ಇಪ್ಪತ್ತೈದು ಸಲ ಕೆಮ್ಮಿದವನು

ನಮ್ಮ ಮನೆಯ ಕೆಮ್ಮಿನ ಪ್ರಕರಣದಲ್ಲಿ ತಪ್ಪೆಲ್ಲ ನನ್ನದೇ ಎಂದು ಹೇಳುವವರಿದ್ದಾರೆ. ಅವರಲ್ಲಿ ನನ್ನ ಹೆಂಡತಿ ಮೊದಲನೆಯವಳು, ಅವಳ ತಮ್ಮ ಎರಡನೆಯವನು, ಉಳಿದವರು ಬೀದಿಯವರು. ನಾನು ಯಾರ ಮೇಲೂ ಸಿಟ್ಟಾಗಿಲ್ಲ. ಲೆಕ್ಕ ಬಲ್ಲವನನ್ನು ಲೋಕ ನಿಧಾನವಾಗಿಯೇ ಅರ್ಥಮಾಡಿಕೊಳ್ಳುತ್ತದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಓದಿದವರು ತೀರ್ಮಾನಿಸಲಿ.

ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ದಿನವೂ ಬೆಳಿಗ್ಗೆ ತೊಟ್ಟಿಯಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ, ಒಬ್ಬರೂ ಓದಿಲ್ಲ. ಹೀಗಿರುವಾಗ ಅಂಕಿ ಅಂಶಗಳ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ಹೋಗಬೇಕಾಗಿದ್ದ ಮೇಲಧಿಕಾರಿಗೆ ಹಲ್ಲುನೋವು ಬಂತು. ನನಗೆ ಯೋಗ ಬಂತು.

ತರಬೇತಿ ಎರಡು ದಿನದ್ದು. ಮೊದಲ ದಿನ ಚಲಿಸುವ ಸರಾಸರಿ ಹೇಳಿಕೊಟ್ಟರು. ಏಳು ಜನ ಕೂರುವ ಬೆಂಚು ಎಂದುಕೊಳ್ಳಿ. ಕಳೆದ ಏಳು ದಿನದ ಅಂಕಿಗಳು ಅದರ ಮೇಲೆ ಕೂತಿವೆ. ಏಳನ್ನೂ ಕೂಡಿ ಏಳರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ನಾಳೆಯ ಅಂಕಿ ಬಂದು ಈ ತುದಿಯಲ್ಲಿ ಕೂರುತ್ತದೆ, ಆ ತುದಿಯಲ್ಲಿರುವ ಹಳೆಯದು ಎದ್ದು ಹೋಗುತ್ತದೆ, ಮತ್ತೆ ಕೂಡಿ ಭಾಗಿಸುವುದು. ಎರಡನೆಯ ದಿನ ಬೆಳಿಗ್ಗೆ ಸಂಚಿತ ಮೊತ್ತ. ಅದು ಇನ್ನೂ ಸುಲಭ, ಮೊದಲ ದಿನದಿಂದ ಬಂದದ್ದನ್ನೆಲ್ಲ ಸುಮ್ಮನೆ ಕೂಡುತ್ತ ಹೋಗುವುದು. ಊಟ ಆದ ಮೇಲೆ 'ಎಚ್ಚರಿಕೆಗಳು' ಎಂಬ ಪಾಠವಿತ್ತು. ನಾನು ಫ್ಯಾನಿನ ಕೆಳಗೆ ಕೂತಿದ್ದೆ. ಎಚ್ಚರವಾದಾಗ ಪ್ರಮಾಣಪತ್ರ ಕೊಡುತ್ತಿದ್ದರು.

ಕಚೇರಿಗೆ ಹಿಂದಿರುಗಿದ ದಿನವೇ ತೊಟ್ಟಿಯ ಚಲಿಸುವ ಸರಾಸರಿ ಬರೆದು ಮೇಲಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಕೆನ್ನೆ ಹಿಡಿದುಕೊಂಡೇ ಓದಿದರು.

"ಇವತ್ತು ತೊಟ್ಟಿಯಲ್ಲಿ ನೀರೆಷ್ಟಿದೆ ಅಂತ ಕೇಳಿದ್ರೆ ಏಳು ದಿನದ್ದು ಯಾಕ್ರೀ ಹೇಳ್ತೀರಿ? ಹೋದ ವಾರದ ನೀರನ್ನ ಈಗ ಕುಡಿಯೋಕಾಗುತ್ತಾ?"

ಇಂಥವರ ಕೈಕೆಳಗೆ ವಿದ್ಯೆ ಬೆಳಗುವುದಾದರೂ ಹೇಗೆ? ನಾನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡೆ. ವಿದ್ಯೆಗೆ ಬೇರೆ ಕಡೆ ಕೆಲಸ ಹುಡುಕಬೇಕಿತ್ತು. ಆ ವಾರವೇ ನನ್ನ ಮಾವ ಕೆಮ್ಮತೊಡಗಿದರು.

ಮಾವ ನಮ್ಮ ಜೊತೆಗೇ ಇರುವವರು. ಎಪ್ಪತ್ತನಾಲ್ಕು ವರ್ಷ. ಕೋರ್ಟಿನಲ್ಲಿ ಹೆಸರು ಕೂಗುವ ಜವಾನರಾಗಿದ್ದವರು. ಮೂವತ್ತೈದು ವರ್ಷ ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿ ಎಲ್ಲರನ್ನೂ ಮೂರು ಮೂರು ಸಲ ಕೂಗಿ ಒಳಗೆ ಕಳಿಸಿದ್ದಾರೆ. ನ್ಯಾಯಾಧೀಶರು ಬಂದಾಗ ಇಡೀ ಕೋಣೆಯನ್ನು ಎಬ್ಬಿಸಿ ನಿಲ್ಲಿಸಿದ್ದಾರೆ. ಅವರಿಗೆ ಅಂತ ಒಂದು ಕುರ್ಚಿ ಇರಲಿಲ್ಲ, ಗೋಡೆಗೆ ಒರಗಿದ್ದೇ ಬಂತು. ಈಗ ಊರಿನ ಹವ್ಯಾಸಿ ತಂಡದವರು ಒಂದು ನಾಟಕ ಮಾಡಿಸುತ್ತಿದ್ದರು. ಅದರಲ್ಲಿ ಮಾವನಿಗೆ ನ್ಯಾಯಾಧೀಶರ ಪಾತ್ರ ಸಿಕ್ಕಿತ್ತು.

ಕಥೆ ಚಿಕ್ಕದು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ದುಡಿದ ಆಳು ಒಂದು ದಿನ ಯಜಮಾನನ ಗಡಿಯಾರ ಕದ್ದು ಸಿಕ್ಕಿಬೀಳುತ್ತಾನೆ. ಒಂದೂವರೆ ಗಂಟೆ ವಿಚಾರಣೆ ನಡೆಯುತ್ತದೆ. ಅಷ್ಟು ಹೊತ್ತೂ ನ್ಯಾಯಾಧೀಶರು ಎತ್ತರದ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು, ಕೊನೆಯಲ್ಲಿ ಮೂರೇ ಮೂರು ಸಾಲು ತೀರ್ಪು. "ಸಾಕ್ಷ್ಯಗಳನ್ನು ಪರಿಶೀಲಿಸಲಾಗಿದೆ. ಆರೋಪಿ ತಪ್ಪಿತಸ್ಥನೆಂದು ಸಾಬೀತಾಗಿದೆ. ಹತ್ತು ವರ್ಷ ಕಠಿಣ ಸಜೆ." ಮಾವ ಬಾಡಿಗೆಗೆ ತಂದ ಕರಿ ಕೋಟು ಹಾಕಿಕೊಂಡು ಊಟದ ಮನೆಯ ಕುರ್ಚಿಯಲ್ಲಿ ದಿನಕ್ಕೆ ಒಂದೂವರೆ ಗಂಟೆ ಕೂತು ಅಭ್ಯಾಸ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಹಸಿವಾದರೆ ನಾವು ನಿಂತೇ ಊಟ ಮಾಡಬೇಕು. ಅವರಿಗೆ ಆ ವಯಸ್ಸಿನಲ್ಲಿ ಬೇರೆ ಯಾವ ಆಸೆಯೂ ಇದ್ದಂತೆ ಕಾಣಲಿಲ್ಲ.

ಅಂಥ ಹೊತ್ತಿಗೆ ಸರಿಯಾಗಿ ಈ ಕೆಮ್ಮು. ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, "ಗಾಬರಿ ಏನಿಲ್ಲ. ಎರಡು ವಾರ ದಿನಕ್ಕೆ ಎಷ್ಟು ಸಲ ಬರುತ್ತೆ ಅಂತ ಬರೆದಿಟ್ಕೊಂಡು ಬನ್ನಿ" ಎಂದರು.

ಬರೆದಿಟ್ಟುಕೊಂಡು ಬನ್ನಿ. ಈ ಮಾತು ಕಿವಿಗೆ ಬಿದ್ದದ್ದೇ ನನಗೆ ರೋಮಾಂಚನವಾಯಿತು.

ಮರುದಿನ ಸೋಮವಾರವೇ ಹಜಾರದ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ನಾನು ಕಚೇರಿಯಲ್ಲಿರುವಾಗ ಎಣಿಸುವ ಹೊಣೆ ಹೆಂಡತಿಯದು. ಅವಳು ಹೊಲಿಗೆ ಡಬ್ಬಿಯ ಗುಂಡಿಗಳನ್ನು ಹತ್ತಿರ ಇಟ್ಟುಕೊಂಡು, ಅಪ್ಪ ಒಂದು ಸಲ ಕೆಮ್ಮಿದರೆ ಒಂದು ಗುಂಡಿಯನ್ನು ಬಟ್ಟಲಿಗೆ ಹಾಕುತ್ತಿದ್ದಳು. ಸಂಜೆ ನಾನು ಬಂದು ಬಟ್ಟಲು ಎಣಿಸಿ ಹಾಳೆಯ ಮೇಲೆ ಬರೆಯುವುದು. ಮೊದಲ ವಾರ ಹದಿನಾಲ್ಕು, ಹನ್ನೆರಡು, ಹದಿನೈದು, ಹದಿಮೂರು, ಹದಿನಾಲ್ಕು, ಹದಿನಾರು, ಹದಿನಾಲ್ಕು. ಒಟ್ಟು ತೊಂಬತ್ತೆಂಟು. ಏಳರಿಂದ ಭಾಗಿಸಿದರೆ ಹದಿನಾಲ್ಕು, ಒಂದಿಷ್ಟೂ ಶೇಷವಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಮ್ಮುವ ಮಾವ ಎಷ್ಟು ಜನ ಅಳಿಯಂದಿರಿಗೆ ಸಿಗುತ್ತಾರೆ?

ಈ ಹೆಮ್ಮೆಯನ್ನು ಮನೆಯೊಳಗೇ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ನಾಟಕದ ನಿರ್ದೇಶಕರು ಫೋಟೋ ಸ್ಟುಡಿಯೋ ಇಟ್ಟವರು. ಭಾನುವಾರ ಸಂಜೆ ಅವರ ಅಂಗಡಿ ಮುಂದೆ ಹಾದುಹೋಗುವಾಗ "ನಿಮ್ಮ ಮಾವನ ಕೆಮ್ಮು ಹೇಗಿದೆ?" ಎಂದು ಕೇಳಿದರು. "ಚೆನ್ನಾಗಿದೆ" ಎಂದು ಹೇಳಿ ಮುಂದೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಾನು ಅಂಗಡಿಯೊಳಗೆ ಹೋಗಿ ಕೂತೆ.

"ದಿನದ ಲೆಕ್ಕ ನಂಬಬಾರದು ಸರ್. ಅದು ಏರುತ್ತೆ, ಇಳಿಯುತ್ತೆ. ಚಲಿಸುವ ಸರಾಸರಿ ಅಂತ ಒಂದಿದೆ. ಅದು ಉಬ್ಬುತಗ್ಗು ಎಲ್ಲಾ ತೆಗೆದು ನಯ ಮಾಡಿ ತೋರಿಸುತ್ತೆ."

ನಿರ್ದೇಶಕರ ಕಣ್ಣು ಅರಳಿತು. ಮದುವೆ ಗಂಡುಗಳ ಮೊಡವೆ ತೆಗೆದು ನಯ ಮಾಡುವುದು ಅವರ ದಿನನಿತ್ಯದ ಕಸುಬು. "ಟಚಪ್ ಮಾಡ್ತೀರಿ ಅನ್ನಿ" ಎಂದರು. ಹೌದೆಂದೆ. ಅವರು ಕಾಗದ ತೆಗೆದುಕೊಂಡು ತಮ್ಮದೇ ಒಂದು ಲೆಕ್ಕ ಹಾಕಿದರು. ಮನುಷ್ಯ ಎಚ್ಚರವಿರುವುದು ಹದಿನೈದು ಗಂಟೆ. ಇಪ್ಪತ್ತು ಕೆಮ್ಮಾದರೆ ಮುಕ್ಕಾಲು ಗಂಟೆಗೊಂದು. ನಾಟಕ ಒಂದೂವರೆ ಗಂಟೆ, ಅಂದರೆ ಎರಡು ಕೆಮ್ಮು.

"ಎರಡನ್ನ ಹೇಗೋ ನುಂಗಬಹುದು. ಮೂರಾದ್ರೆ ನನ್ನ ನಾಟಕ ಕೆಟ್ಟಿತು. ನಿಮ್ಮ ಸರಾಸರಿ ಇಪ್ಪತ್ತು ದಾಟಬಾರದು. ಮುಂದಿನ ಭಾನುವಾರವೇ ನಾಟಕ. ದಾಟಿದ್ರೆ ಅವತ್ತು ಪಾತ್ರ ಔಷಧಿ ಅಂಗಡಿಯವರಿಗೆ."

ಔಷಧಿ ಅಂಗಡಿಯವರು ಬದಲಿ ನಟರು. ಮಾವನ ಮೂರು ಸಾಲನ್ನೂ ಬಾಯಿಪಾಠ ಮಾಡಿಕೊಂಡು ಕಾಯುತ್ತಿದ್ದವರು. ಮಾವನಿಗೆ ಕೆಮ್ಮಿನ ಔಷಧಿ ಮಾರುತ್ತಿದ್ದವರೂ ಅವರೇ. ಒಬ್ಬ ಮನುಷ್ಯ ಎರಡು ದೋಣಿಯಲ್ಲಿ ಇಷ್ಟು ನೆಮ್ಮದಿಯಾಗಿ ಕಾಲಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇರಲಿ, ಹದಿನಾಲ್ಕಕ್ಕೂ ಇಪ್ಪತ್ತಕ್ಕೂ ಎಷ್ಟು ದೂರ ಎಂದುಕೊಂಡು ನಾನು ಒಪ್ಪಿ ಕೈ ಕುಲುಕಿ ಬಂದೆ.

ಸೋಮವಾರ ಸಂಜೆ ಮನೆಗೆ ಬಂದಾಗ ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತ್ತು. ಗುಂಡಿಗಳು ಮುಗಿದು, ಸೇಫ್ಟಿ ಪಿನ್ನುಗಳೂ ಮುಗಿದು, ಹೆಂಡತಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿದ್ದಳು. ಮೇಲಿನ ಮನೆಯ ಆಂಟಿ ಬಡಗಿಯನ್ನು ಕರೆಸಿ ಮೆಟ್ಟಿಲ ಮೇಲೆ ಬಾಗಿಲು ಉಜ್ಜಿಸಿದ್ದರಂತೆ. ಮರದ ಪುಡಿಯೆಲ್ಲ ನಮ್ಮ ಹಜಾರಕ್ಕೆ. ನೂರಾ ಹತ್ತೊಂಬತ್ತು. ನಮಗೆಲ್ಲ ಕೆಮ್ಮು ಬಂದಿತ್ತು, ಆದರೆ ಎಣಿಸುತ್ತಿದ್ದದ್ದು ಮಾವನೊಬ್ಬರದ್ದು.

ಸರಾಸರಿ ಒಂದೇ ಏಟಿಗೆ ಹದಿನಾಲ್ಕರಿಂದ ಇಪ್ಪತ್ತೊಂಬತ್ತಕ್ಕೆ ಏರಿತು. ಆದರೂ ಬರೆದೆ. ಲೆಕ್ಕಕ್ಕೆ ಮಾವ ಎಂಬ ಮರ್ಯಾದೆ ಇಲ್ಲ.

ಮಂಗಳವಾರ ಬಡಗಿ ಇಲ್ಲ, ಪುಡಿ ಇಲ್ಲ. ಮಾವ ಹನ್ನೆರಡೇ ಸಲ ಕೆಮ್ಮಿದರು. ಸರಾಸರಿ ನೋಡಿದರೆ ಇಪ್ಪತ್ತೊಂಬತ್ತು. ಬುಧವಾರ ಎಂಟೇ ಸಲ. ಸರಾಸರಿ ಇಪ್ಪತ್ತೆಂಟು. ಹಾಳೆಯ ಮೇಲೆ ಸರಾಸರಿಯನ್ನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆಯುತ್ತಿದ್ದೆ, ದಿನದ ಲೆಕ್ಕವನ್ನು ಮೂಲೆಯಲ್ಲಿ ಪೆನ್ಸಿಲಿನಲ್ಲಿ. ಬಂದವರೆಲ್ಲ ಕೆಂಪನ್ನೇ ಓದಿದರು. ಬಂದವರಂತೂ ಕಡಿಮೆಯಿರಲಿಲ್ಲ. "ಇಪ್ಪತ್ತೊಂಬತ್ತಂತೆ" ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಅದು ಕೆಮ್ಮೋ, ಉಳಿದ ದಿನವೋ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಮೊದಲು ಬಂದವರು ಮೇಲಿನ ಮನೆಯ ಆಂಟಿಯೇ. ಶುಂಠಿ ರಸಕ್ಕೆ ಜೇನುತುಪ್ಪ ಹಾಕಿ ತಂದಿದ್ದರು. ಮರುದಿನ ಸರಾಸರಿ ಇಪ್ಪತ್ತೇಳಾಯಿತು. "ನೋಡಿದ್ರಾ, ಒಂದು ಇಳೀತು. ನನ್ನ ಶುಂಠಿ" ಎಂದರು. ಎದುರು ಮನೆಯ ದರ್ಜಿ ಒಂದು ಉಣ್ಣೆಯ ಕುತ್ತಿಗೆಪಟ್ಟಿ ಹೊಲಿದು ತಂದು ಕಟ್ಟಿದರು. ಇಪ್ಪತ್ತಾರಾಯಿತು. ಅದು ಪಟ್ಟಿಯಿಂದ ಎಂದು ದರ್ಜಿ, ಶುಂಠಿ ನಿಧಾನವಾಗಿ ಹಿಡಿದದ್ದು ಎಂದು ಆಂಟಿ. ಇಬ್ಬರೂ ನಮ್ಮ ಹಜಾರದಲ್ಲೇ ಕಾಲು ಕೆರೆದು ಜಗಳಕ್ಕೆ ನಿಂತರು. ಔಷಧಿ ಅಂಗಡಿಯವರು ದಿನವೂ ಸಂಜೆ ಆರಕ್ಕೆ ಬಂದು ಹಾಳೆ ನೋಡಿ, "ಪಾಪ, ಇಂಥ ಟೈಮಲ್ಲಿ ಹೀಗಾಗಬಾರದಿತ್ತು" ಎಂದು ಹೇಳಿ, ಹೋಗುವಾಗ ಮಾವನ ಕೋಟಿನ ತೋಳಿನ ಉದ್ದವನ್ನು ಕಣ್ಣಲ್ಲೇ ಅಳೆದು ಹೋಗುತ್ತಿದ್ದರು.

ಮಾವ ಮಾತ್ರ ಈ ಗದ್ದಲದ ನಡುವೆ ಕುತ್ತಿಗೆಗೆ ಉಣ್ಣೆ ಸುತ್ತಿಕೊಂಡು ಬೆವರುತ್ತ ಕೂತಿದ್ದರು.

"ಅಳಿಯಂದಿರೇ, ನಾನು ಚೆನ್ನಾಗಿದ್ದೀನಿ" ಎಂದರು.

"ನಿಮಗೆ ಹಾಗನ್ನಿಸುತ್ತೆ ಮಾವ. ಸರಾಸರಿ ಒಪ್ಪಲ್ಲ."

"ನಿನ್ನೆ ರಾತ್ರಿ ಒಂದೂ ಕೆಮ್ಮಿಲ್ಲ."

"ಅದನ್ನ ಲೆಕ್ಕಕ್ಕೆ ತಗೊಂಡಿದ್ದೀನಿ. ಆದರೂ ಇಪ್ಪತ್ತಾರು."

ಮಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕೋರ್ಟಿನಲ್ಲಿ ಸುಳ್ಳು ಸಾಕ್ಷಿಗಳನ್ನು ಹೀಗೇ ನೋಡುತ್ತಿದ್ದರೋ ಏನೋ.

ಶುಕ್ರವಾರ ನನ್ನ ಭಾವಮೈದುನ ಬಂದಿಳಿದ. ಅವನದು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ. ಬೇರೆ ಊರಿನಲ್ಲಿದ್ದುಕೊಂಡು ದಿನವೂ ಅಕ್ಕನಿಗೆ ಫೋನ್ ಮಾಡಿ ಕೆಮ್ಮಿನ ಲೆಕ್ಕ ತೆಗೆದುಕೊಳ್ಳುತ್ತಿದ್ದ. ಸಂಚಿತ ಮೊತ್ತ ಎಂಬುದನ್ನು ಅವನಿಗೆ ಫೋನಿನಲ್ಲಿ ಹೇಳಿಕೊಟ್ಟವನು ನಾನೇ. ಅವನಿಗೆ ಅದು ಬಹಳ ಹಿಡಿಸಿತ್ತು. ಚೀಲ ಕೆಳಗಿಡುವ ಮೊದಲೇ ನೋಟ್‌ಬುಕ್ ತೆಗೆದ.

"ಅಕ್ಕಾ, ಇನ್ನೂರೈವತ್ತು ಮುಟ್ಟಿದೆ. ನೀವೆಲ್ಲ ಏನು ಮಾಡ್ತಾ ಇದ್ದೀರಿ?"

"ಸರಾಸರಿ ಇಳೀತಾ ಇದೆಯಲ್ಲೋ" ಎಂದಳು ನನ್ನ ಹೆಂಡತಿ.

"ನಿಮ್ಮ ಸರಾಸರಿ ಯಾರಿಗೆ ಬೇಕು? ಶನಿವಾರ ಎಂಬತ್ನಾಲ್ಕು ಇತ್ತು. ಭಾನುವಾರ ತೊಂಬತ್ತೆಂಟು. ಆಮೇಲೆ ಇನ್ನೂರ ಹದಿನೇಳು, ಇನ್ನೂರ ಇಪ್ಪತ್ತೊಂಬತ್ತು, ಇನ್ನೂರ ಮೂವತ್ತೇಳು, ಇನ್ನೂರ ನಲವತ್ಮೂರು, ಇವತ್ತು ಇನ್ನೂರೈವತ್ತು. ಒಂದು ದಿನ, ಒಂದೇ ಒಂದು ದಿನ ಇಳಿದಿದ್ಯಾ ತೋರಿಸು."

"ನೀನು ಮೀಟರ್ ಓದುವಾಗ ಹೋದ ತಿಂಗಳದ್ದು ಕಳೆಯಲ್ವೇನೋ?"

"ಅದು ಆಫೀಸಲ್ಲಿ ಬೇರೆಯವರು ಕಳೀತಾರೆ. ನನ್ನ ಕೆಲಸ ಓದೋದು ಮಾತ್ರ."

ಮಾವ ಒಳಗಿನಿಂದಲೇ ಹೇಳಿದರು, "ನಿನ್ನ ವಯಸ್ಸೂ ಒಂದು ದಿನವೂ ಇಳಿದಿಲ್ಲ ಕಣೋ. ನಿನ್ನನ್ನ ಯಾವ ಆಸ್ಪತ್ರೆಗೆ ಸೇರಿಸೋಣ?"

ಭಾವಮೈದುನ ಇದನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೇ ಸರಿ ಎಂದು ಹಟ ಹಿಡಿದ. ಅಲ್ಲಿಯವರೆಗೆ ನಾಟಕ ಗೀಟಕ ಏನೂ ಬೇಡವೆಂದ. ನಾನು ಸರಾಸರಿಯ ಪಕ್ಷ, ಅವನು ಮೊತ್ತದ ಪಕ್ಷ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಭೇದವಿರಲಿಲ್ಲ. ಮಾವನನ್ನು ನೋಡದೆ ಹಾಳೆಯನ್ನು ಮಾತ್ರ ನೋಡುವುದರಲ್ಲಿ ಇಬ್ಬರೂ ಒಂದೇ.

ಶನಿವಾರ ಸಂಜೆ ಸರಾಸರಿ ಇಪ್ಪತ್ತೈದು. ಭಾನುವಾರ ಇಪ್ಪತ್ತರೊಳಗೆ ಬರಬೇಕು. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ.

"ನಾಳೆ ಅಪ್ಪ ಒಂದು ಸಲಾನೂ ಕೆಮ್ಮದೆ ಇದ್ರೆ?" ಎಂದು ಕೇಳಿದಳು. ಪಾಪ, ಅವಳಿಗೂ ಅಪ್ಪ ಆ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ.

ಕೂಡಿದೆ, ಭಾಗಿಸಿದೆ. ಉತ್ತರ ಕಂಡು ನನಗೇ ಅದರ ಸೊಗಸು ತಡೆಯಲಾಗಲಿಲ್ಲ. "ಸಾಧ್ಯವೇ ಇಲ್ಲ ಕಣೆ. ನಾಳೆ ಬೆಳಿಗ್ಗೆ ನಿಮ್ಮಪ್ಪ ತೀರಿಕೊಂಡ್ರೂ ಸರಾಸರಿ ಇಪ್ಪತ್ಮೂರೇ" ಎಂದೆ.

ಸೌಟು ನನ್ನ ಕಿವಿಯ ಪಕ್ಕದಿಂದ ಹೋಯಿತು. ಆ ರಾತ್ರಿ ನಾನು ಹಜಾರದಲ್ಲಿ, ಹಾಳೆಯ ಕೆಳಗೆ, ಚಾಪೆಯ ಮೇಲೆ ಮಲಗಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರು ಬಂದರು. ಹಿಂದೆಯೇ ಔಷಧಿ ಅಂಗಡಿಯವರು, ಒಂದು ಹ್ಯಾಂಗರ್ ಹಿಡಿದುಕೊಂಡು. ಕೋಟು ತೆಗೆದುಕೊಂಡು ಹೋಗಲು ಬಂದದ್ದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಆಂಟಿ ಮೆಟ್ಟಿಲಿಳಿದು ಬಂದರು, ದರ್ಜಿ ರಸ್ತೆ ದಾಟಿ ಬಂದರು. ಮಾವ ಕೋಟು ಹಾಕಿಕೊಂಡೇ ಊಟದ ಮನೆಯ ಕುರ್ಚಿಯಲ್ಲಿ ಕೂತಿದ್ದರು.

"ದಯವಿಟ್ಟು ತಪ್ಪು ತಿಳೀಬೇಡಿ" ಎಂದರು ನಿರ್ದೇಶಕರು. "ಇಪ್ಪತ್ತೈದಿದೆ. ಮಾತು ಮಾತೇ."

"ವಿಚಾರಣೆ ಆಯ್ತಾ?" ಎಂದು ಕೇಳಿದರು ಮಾವ.

"ಏನು ವಿಚಾರಣೆ?"

"ಮೂವತ್ತೈದು ವರ್ಷ ಕೋರ್ಟಲ್ಲಿದ್ದೆ. ಆರೋಪಿಯನ್ನ ಕೇಳದೆ ಶಿಕ್ಷೆ ಕೊಟ್ಟಿದ್ದು ಒಂದೇ ಒಂದು ಸಲಾನೂ ನೋಡಿಲ್ಲ. ಸಾಕ್ಷಿ ಮುಂದೆ ಬರಲಿ." ನನ್ನ ಕಡೆ ಬೆರಳು ತೋರಿಸಿದರು. ನಾನು ಹಾಳೆ ಕಿತ್ತುಕೊಂಡು ಹೋಗಿ ಮುಂದೆ ನಿಂತೆ. ಏಕೋ ಕಾಲು ಜೋಡಿಸಿ ನಿಂತುಕೊಂಡೆ.

"ನಿನ್ನೆ ನಾನು ಎಷ್ಟು ಸಲ ಕೆಮ್ಮಿದೆ?"

"ಒಂಬತ್ತು."

"ಮೊನ್ನೆ?"

"ಏಳು."

"ಅದರ ಹಿಂದಿನ ದಿನ?"

"ಆರು."

"ಹಾಗಿದ್ರೆ ಇಪ್ಪತ್ತೈದು ಸಲ ಕೆಮ್ಮಿದ್ದು ಯಾವತ್ತು? ದಿನ, ವಾರ ಹೇಳಿ."

ನಾನು ಹಾಳೆಯ ಮೇಲೆ ಬೆರಳಿಟ್ಟು ಮೊದಲಿನಿಂದ ಓದಿದೆ. ಪೆನ್ಸಿಲಿನ ಅಂಕಿಗಳನ್ನು ನಾನೂ ಆ ವಾರ ಸರಿಯಾಗಿ ನೋಡಿರಲಿಲ್ಲ. ಹದಿನಾಲ್ಕು ಇತ್ತು, ಹದಿನಾರು ಇತ್ತು, ಎಂಟು ಇತ್ತು. ಇಪ್ಪತ್ತೈದು ಇರಲಿಲ್ಲ. ಇಪ್ಪತ್ತಾರೂ ಇರಲಿಲ್ಲ, ಇಪ್ಪತ್ತೊಂಬತ್ತೂ ಇರಲಿಲ್ಲ.

"ಯಾವ ದಿನವೂ ಇಲ್ಲ ಮಾವ" ಎಂದೆ.

"ಗಟ್ಟಿಯಾಗಿ ಹೇಳಿ. ಕೋರ್ಟಿಗೆ ಕೇಳಬೇಕು."

"ಯಾವ ದಿನವೂ ಇಲ್ಲ."

"ಈ ನೂರಾ ಹತ್ತೊಂಬತ್ತು ಏನು?" ಎಂದು ನಿರ್ದೇಶಕರು ಹಾಳೆಗೆ ಮೂಗು ತೂರಿಸಿದರು.

ಆಂಟಿ ಸೆರಗಿನ ತುದಿ ನೋಡಿಕೊಂಡು, "ಅವತ್ತು ನಮ್ಮ ಬಡಗಿ ಬಂದಿದ್ದ" ಎಂದರು. "ಬಾಗಿಲು ತುಂಬಾ ಬಿಗಿಯಾಗಿತ್ತು, ಏನು ಮಾಡೋದು?"

"ಒಂದು ದಿನ ಬಡಗಿ ಬಂದ" ಎಂದರು ಮಾವ. "ಆ ಒಂದು ದಿನದ್ದನ್ನ ಇವರು ಮಂಗಳವಾರವೂ ನನ್ನ ತಲೆ ಮೇಲೆ ಹಾಕಿದ್ರು, ಬುಧವಾರವೂ ಹಾಕಿದ್ರು, ನಿನ್ನೆಯೂ ಹಾಕಿದ್ರು. ಒಂದೇ ಕೇಸಿಗೆ ಏಳು ದಿನ ಏಳು ಸಲ ಶಿಕ್ಷೆ ಯಾವ ಕಾನೂನಲ್ಲಿದೆ ಅಳಿಯಂದಿರೇ?"

ನನಗೆ ಆಗ ಬೆಂಚು ನೆನಪಾಯಿತು. ಆ ನೂರಾ ಹತ್ತೊಂಬತ್ತು ಎಂಬ ದಢೂತಿ ಅಸಾಮಿ ಬೆಂಚಿನ ಮೇಲೆ ಇಡೀ ವಾರ ಕೂತಿದ್ದ. ಮಾರನೆಯ ದಿನ ಸೋಮವಾರ ಅವನು ತಾನಾಗಿ ಎದ್ದು ಹೋಗುತ್ತಿದ್ದ, ಸರಾಸರಿ ದಢಾರನೆ ಎಂಟಕ್ಕೋ ಒಂಬತ್ತಕ್ಕೋ ಬೀಳುತ್ತಿತ್ತು, ಅವತ್ತು ಯಾರು ಏನು ಕುಡಿಸಿದ್ದರೂ ಅವರೇ ಧನ್ವಂತರಿ ಎನಿಸಿಕೊಳ್ಳುತ್ತಿದ್ದರು. ಇದನ್ನೆಲ್ಲ 'ಎಚ್ಚರಿಕೆಗಳು' ಪಾಠದಲ್ಲಿ ಹೇಳಿದ್ದರೆಂದು ಕಾಣುತ್ತದೆ. ಇದನ್ನು ಸಭೆಗೆ ವಿವರಿಸಲು ಬಾಯಿ ತೆರೆದೆ. ಹೆಂಡತಿ ಸೌಟು ಎಲ್ಲಿದೆ ಎಂದು ಹುಡುಕುವಂತೆ ಅತ್ತ ಇತ್ತ ನೋಡಿದಳು. ಬಾಯಿ ಮುಚ್ಚಿದೆ.

"ಆದರೂ ಇಪ್ಪತ್ತೈದು ಅಂತ ಬರೆದಿದೆಯಲ್ಲ" ಎಂದರು ಔಷಧಿ ಅಂಗಡಿಯವರು, ಹ್ಯಾಂಗರ್ ಬಿಡದೆ.

"ಬರೆದಿದೆ. ಹಾಗಾದ್ರೆ ಆ ಮನುಷ್ಯ ಎಲ್ಲೋ ಇರಬೇಕು. ಕರೆಸೋಣ."

ಮಾವ ಕುರ್ಚಿಯಿಂದ ಎದ್ದರು. ಕುತ್ತಿಗೆಯ ಉಣ್ಣೆಪಟ್ಟಿ ಬಿಚ್ಚಿ ದರ್ಜಿಯ ಕೈಗೆ ಕೊಟ್ಟರು. ಬೀದಿಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ನಿಂತು, ಎದೆಯುಬ್ಬಿಸಿ ಕೂಗಿದರು.

"ಇಪ್ಪತ್ತೈದು ಸಲ ಕೆಮ್ಮಿದವರೂ... ಹಾಜರಿದ್ದೀರಾ...?"

ನಾನು ಅವರಿಗೆ ಅಳಿಯನಾಗಿ ಹತ್ತೊಂಬತ್ತು ವರ್ಷ. ಆ ಧ್ವನಿಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಿಟಕಿಯ ಗಾಜು ಜುಮ್ಮೆಂದಿತು. ಎದುರು ಮನೆಗಳ ಬಾಗಿಲು ಒಂದೊಂದೇ ತೆರೆದವು. ಎರಡನೆಯ ಸಲ ಕೂಗಿದಾಗ ಹಾಲಿನವನು ಸೈಕಲ್ಲಿನಿಂದ ಇಳಿದು ನಿಂತ. ಮೂರನೆಯ ಸಲ ಕೂಗಿದಾಗ ಬೀದಿಯ ಕೊನೆಯ ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಒಬ್ಬರು ಟವೆಲ್ ಸಮೇತ ಓಡಿಬಂದರು.

"ನನ್ನನ್ನ ಕರೆದ್ರಾ?"

"ನೀವು ಇಪ್ಪತ್ತೈದು ಸಲ ಕೆಮ್ಮಿದ್ದೀರಾ?"

"ಇಲ್ಲ ಸ್ವಾಮಿ. ಕೂಗು ಕೇಳಿದ್ರೆ ಬರಬೇಕು ಅನ್ನಿಸ್ತು."

"ಹಾಗಾದ್ರೆ ಹೋಗಿ, ಸೋಪು ಒಣಗುತ್ತೆ."

ಮಾವ ಒಳಗೆ ತಿರುಗಿದರು. "ಮೂರು ಸಲ ಕೂಗಿದ್ದಾಯ್ತು. ಗೈರುಹಾಜರಿ. ಕೇಸು ವಜಾ." ಮೂರು ಕೂಗಿನಲ್ಲಿ ಒಂದು ಸಲವೂ ಅವರ ಗಂಟಲು ಕಟ್ಟಿರಲಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಗಮನಿಸಿದವರು ನಿರ್ದೇಶಕರು. ಅವರು ಔಷಧಿ ಅಂಗಡಿಯವರ ಕೈಯಿಂದ ಹ್ಯಾಂಗರ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟು, "ಸಂಜೆ ಐದಕ್ಕೆ ಮೇಕಪ್ಪು, ತಡ ಮಾಡಬೇಡಿ" ಎಂದು ಮಾವನಿಗೆ ಹೇಳಿ ಹೊರಟುಹೋದರು. ಭಾವಮೈದುನ ಮಾತ್ರ "ಮೊತ್ತದ ಕಥೆ ಏನಾಯ್ತು?" ಎನ್ನುತ್ತ ನೋಟ್‌ಬುಕ್ ಹಿಡಿದು ಸುತ್ತುತ್ತಿದ್ದ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಬೆಳಗಿನ ಕೂಗು ಕೇಳಿದವರೆಲ್ಲ ಟಿಕೆಟ್ ತೆಗೆದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅವರು ನಾಟಕ ನೋಡಲು ಬಂದವರಲ್ಲ, ಕೆಮ್ಮು ಬರುತ್ತದೋ ಇಲ್ಲವೋ ನೋಡಲು ಬಂದವರು. ಮೊದಲ ಸಾಲಿನಲ್ಲಿ ಔಷಧಿ ಅಂಗಡಿಯವರು, ಇನ್ನೂ ಆಸೆ ಬಿಡದೆ, ತುಟಿಯಲ್ಲೇ ಮೂರು ಸಾಲು ಹೇಳಿಕೊಳ್ಳುತ್ತಿದ್ದರು. ಪರದೆ ಸರಿಯಿತು. ಎತ್ತರದ ಕುರ್ಚಿಯಲ್ಲಿ ಮಾವ. ಮಾವ ಎಂದು ಗುರುತಿಸಲು ನನಗೆ ಒಂದು ಕ್ಷಣ ಹಿಡಿಯಿತು.

ಒಂದು ಗಂಟೆ ಸಲೀಸಾಗಿ ಹೋಯಿತು. ಆಮೇಲೆ, ವಕೀಲನ ಪಾತ್ರ ಮಾಡಿದ್ದ ಶಾಲಾ ಮೇಷ್ಟ್ರು ಕೈ ಬೀಸಿ ವಾದಿಸುತ್ತಿದ್ದಾಗ ಪಕ್ಕದ ಪರದೆಗೆ ಕೈ ತಗುಲಿ ಧೂಳೆದ್ದಿತು. ಮಾವನ ಮುಖ ಕೆಂಪಾಯಿತು. ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು. ನನ್ನ ಹೆಂಡತಿ ನನ್ನ ಮೊಣಕೈ ಹಿಡಿದಳು, ಉಗುರು ನೆಟ್ಟಿತು. ಮಾವ ಮುಂದಿದ್ದ ಲೋಟದಿಂದ ಒಂದು ಗುಟುಕು ನೀರು ಕುಡಿದು, ನ್ಯಾಯಾಧೀಶರು ಕುಡಿಯುವ ಹಾಗೆಯೇ ಕುಡಿದು, ಲೋಟ ಕೆಳಗಿಟ್ಟರು. ಸಭೆಯೇ ಉಸಿರು ಬಿಟ್ಟಿತು.

ಕೊನೆಗೆ ತೀರ್ಪು. ಆಳಿನ ಪಾತ್ರ ಮಾಡಿದ್ದ ಕ್ಷೌರಿಕ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಸಾಕ್ಷ್ಯಗಳನ್ನು ಪರಿಶೀಲಿಸಲಾಗಿದೆ" ಎಂದರು ಮಾವ. ಎರಡನೆಯ ಸಾಲು ಬರಲಿಲ್ಲ. ಮರೆತರು ಎಂದು ಔಷಧಿ ಅಂಗಡಿಯವರು ಅರ್ಧ ಎದ್ದರು. ಮಾವ ಮರೆತಿರಲಿಲ್ಲ. ಅವರು ವಕೀಲರ ಕಡೆ ತಿರುಗಿದರು.

"ಇಪ್ಪತ್ತು ವರ್ಷದಲ್ಲಿ ಇವನು ಎಷ್ಟು ದಿನ ಕದ್ದ?"

ನಾಟಕದ ಪುಸ್ತಕದಲ್ಲಿ ಈ ಪ್ರಶ್ನೆ ಇಲ್ಲ. ಮೇಷ್ಟ್ರು ತಡವರಿಸಿದರು. "ಒಂದು ದಿನ ಸ್ವಾಮಿ."

"ಗಡಿಯಾರ ಎಲ್ಲಿದೆ?"

"ಮೇಜಿನ ಮೇಲೇ ಇದೆ."

"ಉಳಿದ ದಿನ ಏನು ಮಾಡ್ತಿದ್ದ?"

"ಕೆಲಸ ಮಾಡ್ತಿದ್ದ."

ಮಾವ ಕಟಕಟೆಯ ಕಡೆ ನೋಡಿದರು. "ಮನೆಗೆ ಹೋಗಪ್ಪ."

ಕ್ಷೌರಿಕ ಒಂದು ನಿಮಿಷದ ಗೋಳಾಟವನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದ. "ನಾನು ಜೈಲಿಗೆ ಹೋಗಬೇಕಿತ್ತಲ್ಲ" ಎಂದು ಮೆಲ್ಲಗೆ ಹೇಳಿದ. ಹಿಂದಿನ ಸಾಲಿನವರೆಗೂ ಕೇಳಿಸಿತು.

"ಹೋಗು ಅಂದೆ."

ಅವನು ಅತ್ತ ಇತ್ತ ನೋಡಿ, ಪೊಲೀಸಿನವನ ಪಾತ್ರದವನಿಗೆ ಕೈಮುಗಿದು ಕೆಳಗಿಳಿದ. ಅಭ್ಯಾಸ ಮಾಡಿದ ಅಳು ಹೇಗೂ ಬಂದೇಬಿಟ್ಟಿತು, ಮಾವನ ಕಡೆ ತಿರುಗಿ ತಿರುಗಿ ನೋಡುತ್ತ ಅತ್ತುಕೊಂಡೇ ಹೋದ. ಪರದೆ ಎಳೆಯುವವನು 'ಸಜೆ' ಎಂಬ ಮಾತಿಗಾಗಿ ಹಗ್ಗ ಹಿಡಿದು ಕಾಯುತ್ತಿದ್ದ. ಪರದೆ ಬೀಳಲಿಲ್ಲ. ಪಕ್ಕದಲ್ಲಿ ನಿರ್ದೇಶಕರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತಿದ್ದು ನಮಗೆಲ್ಲ ಕಾಣುತ್ತಿತ್ತು.

ಆಗ ಮಾವ ಕುರ್ಚಿಯಿಂದ ಎದ್ದು ನಿಂತರು.

ಯಾರೂ ಹೇಳಲಿಲ್ಲ, ಯಾರೂ ಕೂಗಲಿಲ್ಲ. ಸಭಾಂಗಣದ ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲರೂ ಎದ್ದು ನಿಂತರು. ಔಷಧಿ ಅಂಗಡಿಯವರೂ ಎದ್ದರು, ನಿರ್ದೇಶಕರೂ ಎದ್ದರು, ಭಾವಮೈದುನನೂ ಎದ್ದ. ನನ್ನ ಕಣ್ಣು ಮಂಜಾಗಿತ್ತು, ಹೆಂಡತಿಯ ಕಣ್ಣನ್ನು ನಾನು ನೋಡಲಿಲ್ಲ. ಮೂವತ್ತೈದು ವರ್ಷ ಬೇರೆಯವರಿಗಾಗಿ ಜನರನ್ನು ಎಬ್ಬಿಸಿದ ಮನುಷ್ಯ ನಿಂತಿದ್ದವರನ್ನೆಲ್ಲ ಒಮ್ಮೆ ಎಡದಿಂದ ಬಲಕ್ಕೆ ನೋಡಿದರು. ಆಮೇಲೆ ಕೋಟಿನ ತೋಳು ಸರಿಮಾಡಿಕೊಂಡು, ಅವಸರವಿಲ್ಲದೆ ಒಳಗೆ ಹೋದರು. ಅವರು ಕಣ್ಮರೆಯಾಗುವವರೆಗೂ ಯಾರೂ ಕೂರಲಿಲ್ಲ.